ಅನ್ನ ಮುಟ್ಟಿ ಹೋಗು

ಮೇಲಿನ ಗುಡ್ಡಗಳಲ್ಲಿ ಕಾಡುಹಣ್ಣು ಉದುರಲು ಶುರುವಾಯಿತೆಂದರೆ, ಊರಿಗೆ ಊರೇ ಒಂದೇ ಸೂರಿನಡಿ ಬಾಳುವ ಕಂಬಗಳ ಮೇಲಿನ ಉದ್ದಮನೆಯಲ್ಲಿ ಯಾರೂ ಹಂದಿಯ ಹೆಸರೆತ್ತುವುದಿಲ್ಲ. ‘ನೆಂಟರು’ ಎನ್ನುತ್ತಾರೆ. ನೆಂಟರು ಹೊಳೆ ಈಜಿ ದಾಟಿದರಂತೆ, ನೆಂಟರು ಹಳೆಯ ಗದ್ದೆಯ ಅಂಚನ್ನೆಲ್ಲ ಕೆದಕಿ ಹಾಕಿದ್ದಾರಂತೆ. ಕಾಡಿಗೆ ಕಿವಿಯಿದೆ, ಹೆಸರು ಹಿಡಿದು ಕರೆದರೆ ಹಂದಿ ದಾರಿ ಬದಲಿಸುತ್ತದೆ. ಇಷ್ಟು ಮರ್ಯಾದೆ ಕೊಟ್ಟು ಕರೆಸಿಕೊಂಡ ನೆಂಟರನ್ನು ಈಟಿಯಲ್ಲಿ ಚುಚ್ಚಿ ಬಿದಿರಂಡೆಯಲ್ಲಿ ಬೇಯಿಸುವವರು ಲೋಕದಲ್ಲಿ ಈ ಹೊಳೆದಂಡೆಯ ಇಬಾನ್ ಜನ ಮಾತ್ರವೇ ಇರಬೇಕು.

ಆ ವಾರ ಜಗಲಿಯುದ್ದಕ್ಕೂ ಮಸೆಗಲ್ಲಿನ ಸದ್ದು. ಗಂಡಸರು ಈಟಿಯ ಹಿಡಿಗೆ ಹೊಸ ಬೆತ್ತ ಸುತ್ತಿದರು, ದೋಣಿಯ ಬಿರುಕುಗಳಿಗೆ ಮರದ ಅಂಟು ಮೆತ್ತಿದರು, ನಾಯಿಗಳನ್ನು ಅರೆಹೊಟ್ಟೆಯಲ್ಲಿಟ್ಟು ಹೆಂಡಿರಿಂದ ಬೈಸಿಕೊಂಡರು. ಹೆಂಗಸರು ಎಳೆ ಬಿದಿರು ಕಡಿದು ತಂದು ಹೊಳೆಯಲ್ಲಿ ನೆನೆಹಾಕಿದರು. ಕಪಿಟ್ ಪೇಟೆಯ ಉಪ್ಪು, ಕಾಡುಶುಂಠಿಯ ಮೊಗ್ಗು, ನಿಂಬೆಹುಲ್ಲು, ಅಂಡೆಯ ಬಾಯಿಗೆ ತುರುಕಲು ಮರಗೆಣಸಿನ ಎಲೆ, ಎಲ್ಲವೂ ಒಂದೊಂದಾಗಿ ಒಲೆಯ ಪಕ್ಕ ಬಂದು ಸೇರಿದವು. ಅಂಡೆಯಡುಗೆಯಲ್ಲಿ ರಿನ್ಯಾಳನ್ನು ಮೀರಿಸಿದವರಿಲ್ಲ. ಉಳಿದವರು ಬಿದಿರು ಕಪ್ಪಾದದ್ದು ನೋಡಿ ಇಳಿಸುತ್ತಾರೆ, ಅವಳು ಮೂಗಿನಿಂದಲೇ ಹದ ತಿಳಿಯುತ್ತಾಳೆ. ಆದರೆ ಈ ಸಲ ಅವಳ ಮನಸ್ಸು ಯಾವ ಕೆಲಸದಲ್ಲೂ ನಿಲ್ಲಲಿಲ್ಲ. ಅಳಿಯ ಉಂಚಾತ್ ಮಸೆಯುತ್ತಿದ್ದ ಈಟಿಯ ಮೇಲೆ ಕಣ್ಣು ಬಿದ್ದಾಗಲೆಲ್ಲ ಕೈಯಲ್ಲಿದ್ದ ಬಿದಿರನ್ನು ಕೆಳಗಿಟ್ಟುಬಿಡುತ್ತಿದ್ದಳು.

ಅದು ಅವಳ ಗಂಡ ತುಗಾಂಗನ ಈಟಿ. ಹೋದ ಹಣ್ಣುಗಾಲದಲ್ಲಿ ಅವನು ಬೇಟೆಗೆ ಹೊರಟಾಗ ರಿನ್ಯಾ ತಟ್ಟೆ ಹಿಡಿದು ಹಿಂದೆಯೇ ಬಂದಿದ್ದಳು. ಕಾಡಿಗೆ ಹೊರಟವನಿಗೆ ಯಾರಾದರೂ ಊಟ ನೀಡಿದರೆ, ತಿನ್ನಲು ಹೊತ್ತಿಲ್ಲದಿದ್ದರೂ ಬೆರಳಲ್ಲಿ ಮುಟ್ಟಿ ತುಟಿಗೆ ತಾಗಿಸಿಕೊಂಡು ಹೋಗಬೇಕು. ಮುಟ್ಟದೆ ಹೋದವನಿಗೆ ಪುನಿ ತಗಲುತ್ತದೆ. ಹಾವೋ, ಮೊಸಳೆಯೋ, ಮುರಿದು ಬೀಳುವ ಕೊಂಬೆಯೋ, ಏನೋ ಒಂದು ಅವನ ದಾರಿ ಕಾಯುತ್ತದೆ. ಇದು ಹಾಲುಗಲ್ಲದ ಕೂಸಿಗೂ ಗೊತ್ತು. ತುಗಾಂಗನಿಗೂ ಗೊತ್ತಿತ್ತು. ಆದರೆ ಕೆಳಗೆ ದೋಣಿಯವರು ಕೂಗುತ್ತಿದ್ದರು. “ಬಂದ್ ತಿಂತೀನಿ, ತೆಗ್ದಿಡು” ಎಂದು ನಗುತ್ತ ಏಣಿ ಇಳಿದವನು ತಿರುಗಿ ಬರಲಿಲ್ಲ. ಹಂದಿಗಳು ನೀರು ನೆಕ್ಕಲು ಬರುವ ಉಪ್ಪಿನ ಒಸರಿನ ಹತ್ತಿರ ಅವನ ಈಟಿ ಮರಕ್ಕೆ ಒರಗಿ ನಿಂತಿತ್ತು. ರಕ್ತವಿಲ್ಲ, ಮೂಳೆಯಿಲ್ಲ, ಹೆಜ್ಜೆಯೂ ಇಲ್ಲ. ಯಾರೋ ಕರೆದರೆಂದು ಈಟಿ ಒರಗಿಸಿ ಪಕ್ಕಕ್ಕೆ ಹೋದವನ ಹಾಗಿತ್ತು.

ಅಂದಿನಿಂದ ರಿನ್ಯಾ ದಿನಾ ಬೆಳಿಗ್ಗೆ ಏಣಿಯ ತಲೆಯಲ್ಲಿ ಅವನಿಗೊಂದು ಎಡೆ ಇಡುತ್ತಾಳೆ. ಒಂದು ದಿನ ಅವನು ಬಂದು ಮುಟ್ಟಿದರೆ ಪುನಿ ಬಿಟ್ಟೀತು, ಮನೆಯ ದಾರಿಯಾದರೂ ಸಿಕ್ಕೀತು, ಪಿತೃಗಳ ದಾರಿಯಾದರೂ ಸಿಕ್ಕೀತು ಎಂಬ ಆಸೆ. ಅವನು ಮುಟ್ಟಿದರೆ ತನಗೆ ತಿಳಿಯುತ್ತದೆ ಎಂಬ ಧೈರ್ಯವೂ ಇತ್ತು. ಎಳೆಯವನಿದ್ದಾಗ ಹಂದಿಯ ಕೋರೆಯೊಂದು ಅವನ ತೋರುಬೆರಳನ್ನು ಬುಡದಿಂದ ಕಿತ್ತಿತ್ತು. ಅವನು ಅನ್ನ ಮುಟ್ಟುತ್ತಿದ್ದದ್ದೆಲ್ಲ ಹೆಬ್ಬೆಟ್ಟಿನಲ್ಲಿ. ಊರಿನಲ್ಲಿ ಹಾಗೆ ಮುಟ್ಟುವವರು ಬೇರೆ ಯಾರೂ ಇರಲಿಲ್ಲ. ಆದರೆ ವರ್ಷವಾದರೂ ಎಡೆ ಇಟ್ಟ ಹಾಗೆಯೇ ಇರುತ್ತಿತ್ತು, ಸಂಜೆ ಕೋಳಿಗಳ ಪಾಲಾಗುತ್ತಿತ್ತು.

“ನಿನ್ ಗಂಡ ಬರ್ತಾನೋ ಇಲ್ವೋ, ನನ್ ಕೋಳಿಗಳಂತೂ ಕೊಬ್ಬಿ ಕೂತವೆ” ಎನ್ನುತ್ತಿದ್ದಳು ಪಕ್ಕದ ಬಾಗಿಲಿನ ಇಂಪಿನ್ ಅಜ್ಜಿ. ಅಜ್ಜಿಯ ನಾಲಿಗೆಗೆ ಮಸೆಗಲ್ಲು ಬೇಕಿರಲಿಲ್ಲ.

ಬೇಟೆ ಶುರುವಾಗುವ ದಿನ ರಿನ್ಯಾ ಕೋಳಿ ಕೂಗುವ ಮೊದಲೇ ಎದ್ದು ಎರಡು ತಟ್ಟೆ ಬಡಿಸಿದಳು. ಗಂಡನದನ್ನು ಎಂದಿನಂತೆ ಏಣಿಯ ತಲೆಯಲ್ಲಿಟ್ಟಳು. ಅಳಿಯನದನ್ನು ಒಲೆಯ ಪಕ್ಕ ಬಾಳೆಲೆ ಮುಚ್ಚಿ ಇಟ್ಟಳು. ನೀರು ತರಲು ಮನೆಯ ಹಿಂದಿನ ತೊರೆಗೆ ಹೋದಳು. ಕೊಡ ಹೊತ್ತು ಮೇಲೆ ಬರುವಷ್ಟರಲ್ಲಿ ಗಂಡಸರೆಲ್ಲ ಹೊರಟಾಗಿತ್ತು. ಏಣಿಯ ಕೊನೆಯ ಮೆಟ್ಟಿಲಲ್ಲಿ ಅವಳು ನಿಂತುಬಿಟ್ಟಳು. ಎಡೆಯ ಅನ್ನದಲ್ಲಿ ಒಂದು ಗುಳಿ ಬಿದ್ದಿತ್ತು.

ಬಂದಿದ್ದಾನೆ. ಕೊಡ ಎಲ್ಲಿಟ್ಟಳೋ ಅವಳಿಗೆ ಗೊತ್ತಿಲ್ಲ. ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಮುಖದ ಹತ್ತಿರ ತಂದಳು. ಆಮೇಲೆ ಸಂತೋಷ ಇಳಿದುಹೋಯಿತು. ಗುಳಿ ಸಣ್ಣದು, ಉದ್ದನೆಯದು. ತೋರುಬೆರಳಿನದು.

ಒಳಗೋಡಿ ನೋಡಿದರೆ ಒಲೆಯ ಪಕ್ಕದ ಬಾಳೆಲೆ ಮುಚ್ಚಿದಂತೆಯೇ ಇತ್ತು. ಮಗಳು ಸೆಂಡಿ ತುಂಬಿದ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಚಾಪೆಯ ಮೇಲೆ ಕೂತಿದ್ದಳು.

“ಉಂಚಾತ್ ಅನ್ನ ಮುಟ್ಟಿ ಹೋದ್ನೇನೇ?”

“ಹ್ಞೂಂ ಕಣಮ್ಮ. ದೋಣಿಯವರು ಕೂಗ್ತಿದ್ರು. ‘ಮರೀಬಾರ್ದು ಅಂತ ಅತ್ತೆ ಏಣಿ ಹತ್ರಾನೇ ಇಟ್ಟವ್ರೆ’ ಅಂತ ನಕ್ಕೊಂಡು ಮುಟ್ಟಿ ಹೋದ್ರು. ಯಾಕಮ್ಮ, ಮುಖ ಯಾಕೆ ಹಂಗೈತೆ?”

“ಏನಿಲ್ಲ. ನೀರು ಹೊತ್ತು ಸುಸ್ತು” ಎಂದಳು ರಿನ್ಯಾ. ದಿನ ತುಂಬಿದ ಬಸುರಿಗೆ ಹೇಳುವ ಮಾತೇ ಅದು? ತನಗಿಟ್ಟದ್ದನ್ನು ಮುಟ್ಟದೆ ಹೋಗಿದ್ದಾನೆ. ಸಾಲದ್ದಕ್ಕೆ ಕಾಣೆಯಾದವನ ಎಡೆಗೆ ಬೆರಳಿಟ್ಟು, ಕಾಣೆಯಾದವನ ಈಟಿ ಹಿಡಿದು, ಅದೇ ಒಸರಿಗೆ ಹೋಗಿದ್ದಾನೆ. ದೋಣಿಯವರು ಅವನೊಬ್ಬನನ್ನು ಒಸರಿನ ದಾರಿಗೆ ಇಳಿಸಿ ಕೆಳಹೊಳೆಗೆ ಹೋಗುವುದೆಂದು ಮೊದಲೇ ಮಾತಾಗಿತ್ತು. ಹುಟ್ಟುವ ಮಗು ಅಪ್ಪನ ಮುಖ ನೋಡಬೇಕಾದರೆ ಒಲೆಯ ಪಕ್ಕದ ಈ ತಟ್ಟೆ ಕತ್ತಲಾಗುವ ಮೊದಲು ಅವನ ಕೈಗೆ ಮುಟ್ಟಬೇಕು.

ತಟ್ಟೆಯನ್ನು ಬಾಳೆಲೆ ಸಮೇತ ಬಟ್ಟೆಯಲ್ಲಿ ಕಟ್ಟಿಕೊಂಡು ಅವಳು ಜಗಲಿಗೆ ಬಂದಳು. ಇಂಪಿನ್ ಅಜ್ಜಿ ಹೊಸ ಮಾಂಸಕ್ಕೆ ಜಾಗ ಮಾಡಲು ಹಳೆಯ ಭರಣಿಯ ತಳ ಕೆರೆಯುತ್ತಿದ್ದಳು. ಉಪ್ಪು, ಅನ್ನ ಬೆರೆಸಿ ಹುಳಿ ಬರಿಸಿಟ್ಟ ಮಾಂಸದ ವಾಸನೆ ಜಗಲಿಯನ್ನೆಲ್ಲ ಹಿಡಿದಿತ್ತು.

“ಎಲ್ಲಿಗೇ ಓಡ್ತಿದೀಯ, ಬಾಲಕ್ಕೆ ಬೆಂಕಿ ಬಿದ್ದಂಗೆ? ಬಾ ಇಲ್ಲಿ. ನಿನ್ ಗಂಡ ಕೊನೇಲಿ ಹೊಡ್ದಿದ್ದು ಕಣೇ ಇದು, ನನ್ ಪಾಲಿಂದು. ಇದೇ ಕಡೇ ತುತ್ತು. ಮುಟ್ಟಿ ಹೋಗು.” ಅಜ್ಜಿ ಅನ್ನದ ಉಂಡೆಯ ಮೇಲೆ ಒಂದು ತುಣುಕಿಟ್ಟು ತಟ್ಟೆ ಚಾಚಿದಳು.

“ಬಂದ್ ತಿಂತೀನಿ, ತೆಗ್ದಿಡಜ್ಜಿ” ಎಂದು ರಿನ್ಯಾ ಏಣಿ ಇಳಿದಳು.

ಹಿಂದಿನಿಂದ ಅಜ್ಜಿ ಏನೋ ಕೂಗಿದ್ದು ಕೇಳಿಸಿತು. ನಿಲ್ಲುವಷ್ಟು ವ್ಯವಧಾನ ಅವಳಿಗಿರಲಿಲ್ಲ.

ಒಸರಿನ ದಾರಿ ಅವಳಿಗೆ ಹೊಸದಲ್ಲ. ಗಂಡ ಕಾಣೆಯಾದ ಮೇಲೆ ಎಷ್ಟೋ ಸಲ ಅಲೆದಿದ್ದಳು. ಹೊಳೆಯ ಸದ್ದು ಹಿಂದೆ ಉಳಿದ ಮೇಲೆ ಜೀರುಂಡೆಗಳ ಸದ್ದು, ಅದರಾಚೆಗೆ ಹಣ್ಣು ಉದುರುವ ಸದ್ದು. ಒಂದು ತಿರುವಿನಲ್ಲಿ ಜೀರುಂಡೆಗಳೆಲ್ಲ ಒಟ್ಟಿಗೆ ಬಾಯಿ ಮುಚ್ಚಿದವು. ತನ್ನ ಉಸಿರು ತನಗೇ ಕೇಳಿಸುತ್ತಿತ್ತು.

“ಊಟ ಆಯ್ತಾ, ರಿನ್ಯಾ?”

ಬೆನ್ನ ಹಿಂದೆಯೇ. ಮೂವತ್ತು ವರ್ಷ ದಿನಾ ಬಾಗಿಲಲ್ಲಿ ಈಟಿ ಒರಗಿಸುತ್ತ ಅವನು ಕೇಳುತ್ತಿದ್ದ ಮಾತು, ಅದೇ ಧ್ವನಿ, ಕೊನೆಯಲ್ಲಿ ಸ್ವಲ್ಪ ಎಳೆಯುವ ಅದೇ ರಾಗ. ಕಾಡಿನಲ್ಲಿ ಕರೆದದ್ದಕ್ಕೆ ತಿರುಗಬಾರದು, ಉತ್ತರ ಕೊಡಬಾರದು. ಅವಳು ತಿರುಗಲಿಲ್ಲ. ತಟ್ಟೆಯನ್ನು ಎದೆಗವಚಿಕೊಂಡು ನಡೆದಳು.

“ಊಟ ಆಯ್ತಾ?” ಈಗ ಮುಂದಿನ ಪೊದೆಯ ಆಚೆಯಿಂದ ಬಂತು. ಪೊದೆ ಅಲುಗಲಿಲ್ಲ. ದಾಟಿ ನೋಡಿದರೆ ಯಾರೂ ಇಲ್ಲ, ತರಗೆಲೆಯ ಮೇಲೆ ತೇವವಾದ ಒಂದು ಜಾಗ ಮಾತ್ರ ಇತ್ತು. ಮೂರನೆಯ ಸಲ ಕೇಳಿದ್ದು ಕಿವಿಯ ಪಕ್ಕದಲ್ಲೇ, ಅವಸರದಲ್ಲಿ, ಬೇಡಿಕೊಳ್ಳುವ ಹಾಗೆ. “ರಿನ್ಯಾ, ಊಟ ಆಯ್ತಾ?”

ಅವಳ ತಾಳ್ಮೆ ತಪ್ಪಿತು. ಹೆದರಿಕೆಗಿಂತ ಸಿಟ್ಟು ದೊಡ್ಡದಾಯಿತು.

“ವರ್ಷಪೂರ್ತಿ ಇಟ್ಟೆ, ಒಂದಗುಳು ಮುಟ್ಲಿಲ್ಲ ನೀನು. ಈಗ ಈ ಹುಡುಗನ ತಟ್ಟೆ ಮೇಲೆ ಬಿತ್ತಾ ಕಣ್ಣು? ಕೊಡಲ್ಲ. ನಿನ್ ಮೊಮ್ಮಗು ಹುಟ್ಟೋಕ್ ಮುಂಚೆ ಅದರಪ್ಪನ್ನ ತಿನ್ಬೇಡ. ಹೋಗು. ನನ್ ಹಿಂದೆ ಬರ್ಬೇಡ.”

ಕರೆ ನಿಂತಿತು. ವರ್ಷವೆಲ್ಲ ಬಾ ಬಾ ಎಂದು ಕರೆದವನನ್ನು ಬಂದ ದಿನ ಅಟ್ಟಿದೆನಲ್ಲ ಎಂದು ಅವಳಿಗೆ ಅಳು ಬಂತು. ಆಗ ತುಟಿಗೆ ತಣ್ಣಗೆ ಏನೋ ತಾಗಿತು, ಅಗಲವಾಗಿ, ಒತ್ತಿದ ಹಾಗೆ. ಎಲೆಯ ಹನಿ ಇರಬೇಕೆಂದು ನಾಲಿಗೆಯಲ್ಲಿ ಒರೆಸಿಕೊಂಡಳು. ಉಪ್ಪುಪ್ಪಾಗಿತ್ತು. ಕಣ್ಣೀರು ಎಂದುಕೊಂಡಳು.

ತೊರೆ ದಾಟಲು ಅಡ್ಡ ಬಿದ್ದ ಮರಕ್ಕೆ ಕೈ ಊರಿದಾಗ ಬೆರಳುಗಳ ಪಕ್ಕದಲ್ಲೇ ಹಸಿರು ಮಂಡಲದ ಹಾವು ಸುರುಳಿ ಸುತ್ತಿ ಕೂತಿತ್ತು. ತಲೆ ಹಿಂದಕ್ಕೆ ಎಳೆದುಕೊಂಡಿತ್ತು, ಇನ್ನೇನು ಹೊಡೆಯಬೇಕು. ಅವಳಿಗೆ ಕೈ ಎತ್ತಲೂ ಆಗಲಿಲ್ಲ. ಹಾವು ಅವಳ ಮುಖವನ್ನು, ಬಾಯಿಯ ಹತ್ತಿರ, ಒಂದಷ್ಟು ಹೊತ್ತು ನೋಡಿತು. ಆಮೇಲೆ ಬೇಡವೆಂದುಕೊಂಡಂತೆ ಸುರುಳಿ ಬಿಚ್ಚಿ ಮರದ ಕೆಳಕ್ಕೆ ಇಳಿದುಹೋಯಿತು.

ಒಸರಿನ ಹತ್ತಿರದ ದೊಡ್ಡ ಆಲದ ಸುತ್ತ ಕಾಲುದಾರಿಯೊಂದು ಬಿದ್ದಿತ್ತು. ಉಂಚಾತ್ ಅದರ ಮೇಲೆ ಸುತ್ತುತ್ತಿದ್ದ. ತರಗೆಲೆಯೆಲ್ಲ ತುಳಿದು ಮಣ್ಣಾಗಿತ್ತು. ನಾಯಿ ಮುಖವನ್ನು ಬೇರಿನ ಸಂದಿಗೆ ತುರುಕಿ ಮಲಗಿತ್ತು. ಅವಳನ್ನು ಕಂಡದ್ದೇ ಅವನು ಈಟಿಯನ್ನು ಅವಳ ಎದೆಗೆ ಗುರಿ ಹಿಡಿದ.

“ಅಲ್ಲೇ ನಿಲ್ಲಿ.”

“ನಾನು ಕಣಪ್ಪ, ನಿಮ್ಮತ್ತೆ.”

“ಬೆಳಿಗ್ಗೆಯಿಂದ ಹಂಗೇ ಅಂತಿದೀರ. ‘ಬಾ ಉಂಚಾತ್, ಇತ್ಲಾಗ್ ಬಾ’ ಅಂತೀರ. ಹತ್ರ ಬಂದ್ರೆ ಇನ್ನೂ ಒಳಕ್ಕೆ ಹೋಗಿ ನಿಂತ್ಕೋತೀರ.”

“ಅದು ನಾನಲ್ಲಪ್ಪ.”

“ಅದೂ ಹಿಂಗೇ ಅಂತು.”

ರಿನ್ಯಾ ಸುತ್ತಲಿನ ಮರಗಳನ್ನು ನೋಡಿದಳು. ತನ್ನ ಮುಖ ಹೊತ್ತದ್ದು ಯಾವುದೋ ಈ ಮರಗಳ ನಡುವೆ ನಿಂತು ಈಗಲೂ ತನ್ನನ್ನು ನೋಡುತ್ತಿದೆ. ಅವಳು ಮೆಲ್ಲಗೆ ಬಟ್ಟೆಯ ಗಂಟು ಬಿಚ್ಚಿ ತಟ್ಟೆಯನ್ನು ಮುಂದೆ ಹಿಡಿದಳು.

“ಅದರ ಕೈಯಲ್ಲಿ ಅನ್ನ ಇತ್ತಾ, ನೋಡಿ ಹೇಳು.”

ಅವನು ತಟ್ಟೆಯನ್ನೇ ನೋಡಿದ. “ಇರ್ಲಿಲ್ಲ” ಎಂದ. ನಾಯಿ ತಲೆಯೆತ್ತಿ ಮೂಸಿತು. ಅವನು ಈಟಿ ತಗ್ಗಿಸಿದ, ಅವನ ಬೆರಳು ಅನ್ನಕ್ಕೆ ಇಳಿಯಿತು, ತುಟಿಗೆ ಹೋಯಿತು. ಎಲ್ಲೋ ದೂರದಲ್ಲಿ ಒಂದು ಜೀರುಂಡೆ ಶುರುಮಾಡಿತು. ನಂತರ ಕಾಡೆಲ್ಲ ಕೂಗಿತು.

“ಏಣಿ ಹತ್ರ ಮುಟ್ಟಿದ್ನಲ್ಲ ಅತ್ತೆ” ಎಂದ ಅವನು ಮಗುವಿನ ಹಾಗೆ ಅಳುತ್ತ.

“ಅದು ನಿಂಗಿಟ್ಟದ್ದಲ್ಲ ಕಣಪ್ಪ. ಬಾ, ಮನೆಗೆ ಹೋಗಣ.”

ಅವರು ಉದ್ದಮನೆ ಸೇರುವಾಗ ಬಿಸಿಲು ಇಳಿದಿತ್ತು. ಕೆಳಹೊಳೆಗೆ ಹೋದವರು ದೊಡ್ಡ ಗಂಡುಹಂದಿಯೊಂದನ್ನು ಹೊಡೆದು ತಂದಿದ್ದರು. ಇನ್ನು ಹೆಸರು ಹೇಳಲು ಹೆದರಿಕೆಯಿಲ್ಲ. ಕೂದಲು ಸುಟ್ಟ ಕಮಟು ಎಲ್ಲೆಲ್ಲೂ. ಪ್ರತಿ ಬಾಗಿಲಿಗೂ ಪಾಲು ಬಂತು. ಸೆಂಡಿ ಗಂಡನ ಪಕ್ಕ ಕೂತು, ಬರಿಗೈಲಿ ಬಂದದ್ದಕ್ಕೆ ಅವನನ್ನು ರೇಗಿಸುತ್ತಿದ್ದಳು. ರಿನ್ಯಾ ಮಾಂಸಕ್ಕೆ ಉಪ್ಪು, ಶುಂಠಿಮೊಗ್ಗು, ಜಜ್ಜಿದ ನಿಂಬೆಹುಲ್ಲು ಬೆರೆಸಿ ಅಂಡೆಗಳಿಗೆ ತುಂಬಿ, ಬಾಯಿಗೆ ಎಲೆ ತುರುಕಿ, ಕೆಂಡದ ಮಗ್ಗುಲಲ್ಲಿ ಓರೆಯಾಗಿ ನಿಲ್ಲಿಸಿದಳು. ಒಳಗೆ ನೆಣ ಕುದಿಯುವ ಸದ್ದು ಕೇಳುತ್ತ ಅಂಡೆ ತಿರುಗಿಸುವಾಗ, ದಿನವೆಲ್ಲ ಬಿಗಿಹಿಡಿದಿದ್ದ ಮೈ ಸಡಿಲವಾಯಿತು.

ಇಂಪಿನ್ ಅಜ್ಜಿ ಒಂದು ತಟ್ಟೆ ಹಿಡಿದು ಬಂದು ಪಕ್ಕದಲ್ಲಿ ಕೂತಳು.

“ನನ್ ಜೀವ ಹೋಗಿತ್ತು ಕಣೇ ನಿನ್ನಿಂದ. ನೀಡಿದ್ದನ್ನ ಮುಟ್ದೆ ಕಾಡಿಗೆ ಓಡ್ದಲ್ಲ, ಊರಿಗೆಲ್ಲ ಬುದ್ಧಿ ಹೇಳೋಳು. ಸದ್ಯ, ವಾಪಸ್ ಬಂದು ಮುಟ್ಟಿ ಹೋದ್ಯಲ್ಲ.”

ರಿನ್ಯಾ ಅಂಡೆ ತಿರುಗಿಸುವುದನ್ನು ನಿಲ್ಲಿಸಿದಳು. “ನಾನು ವಾಪಸ್ ಬರ್ಲಿಲ್ಲ ಅಜ್ಜಿ.”

“ಬರ್ದೆ? ನಾನು ಭರಣಿ ತೊಳೆಯಕ್ಕೆ ಆ ಕಡೆ ಹೋಗಿ ಬಂದು ನೋಡ್ತೀನಿ, ಮುಟ್ಟೈತೆ. ಮುಟ್ಟೋದಾದ್ರೂ ಹೆಂಗೆ? ಕಾಗದಕ್ಕೆ ಒತ್ತಿದಂಗೆ. ಗಂಡನ ಚಾಳಿ ನಿಂಗೂ ಅಂಟ್ಕೊಂತಾ, ಹೆಬ್ಬೆಟ್ಟಲ್ಲಿ ಮುಟ್ಟೋದು?”

ಅಜ್ಜಿ ತಟ್ಟೆಯನ್ನು ಬೆಂಕಿಯ ಬೆಳಕಿಗೆ ಹಿಡಿದಳು. ಅನ್ನದ ಉಂಡೆಯಲ್ಲಿ ಅಗಲವಾದ, ಆಳವಾದ ಗುಳಿ. ಅನ್ನ ಬೆಳಿಗ್ಗೆ ಇಟ್ಟದ್ದಾದರೂ ಗುಳಿಯ ಅಂಚು ಇನ್ನೂ ಒದ್ದೆಯಾಗಿತ್ತು.

ರಿನ್ಯಾ ನಾಲಿಗೆಯನ್ನು ತುಟಿಯ ಮೇಲೆ ಆಡಿಸಿದಳು. ಉಪ್ಪು ಇನ್ನೂ ಹೋಗಿರಲಿಲ್ಲ. ಉಪ್ಪಿನ ಕೆಳಗೆ ಹುಳಿಯಿತ್ತು, ಭರಣಿಯ ತಳದ ಹುಳಿ. ಅವನು ತನಗಾಗಿ ಕೇಳಿದ್ದಲ್ಲ. ಪುನಿ ತಗುಲಿದವಳು ಅವಳೆಂದು ಅವನಿಗೆ ಗೊತ್ತಿತ್ತು. ಮೂರು ಸಲ ಕೇಳಿದ, ಅವಳು ಬೈದಳು, ಬೈಸಿಕೊಂಡೇ ತುತ್ತು ತಾಗಿಸಿ ಹೋದ. ವರ್ಷವೆಲ್ಲ ತನ್ನ ಎಡೆ ಮುಟ್ಟದವನು ಅವಳ ಪಾಲಿನದಕ್ಕೆ ಮಾತ್ರ ಈ ಮನೆಯ ಏಣಿ ಹತ್ತಿದ್ದ. ಅಂಥವನಿಗೆ ಅವಳು ಹೋಗು ಎಂದಿದ್ದಳು.

ಅಜ್ಜಿಯ ಕೈಯಿಂದ ತಟ್ಟೆ ತೆಗೆದುಕೊಂಡು ಅವಳು ಆ ಉಂಡೆಯನ್ನು ಪೂರ್ತಿ ತಿಂದಳು. ಆಮೇಲೆ ಎದ್ದು, ಬೆಂದ ಅಂಡೆಯೊಂದನ್ನು ಸೀಳಿ, ಮೊದಲ ತುಂಡನ್ನು ಬಿಸಿ ಅನ್ನದ ಮೇಲಿಟ್ಟು ಏಣಿಯ ತಲೆಗೆ ಒಯ್ದಳು. ಮುಸ್ಸಂಜೆಯಲ್ಲಿ ಕಾಡಿನ ಕಡೆ ಮುಖಮಾಡಿ ಮಾತಾಡಬಾರದು. ಜಗಲಿಯಲ್ಲಿ ಕೂತಿದ್ದವರೆಲ್ಲ ಅವಳನ್ನು ನೋಡುತ್ತಿದ್ದರು.

“ನಂದು ಆಯ್ತು” ಎಂದಳು ರಿನ್ಯಾ, ಕತ್ತಲಾಗುತ್ತಿದ್ದ ಮರಗಳ ಕಡೆಗೆ. “ನಿಂದು?”