ಎರಡನೇ ಸೀಡಿ

ತಮ್ಮ ಶಾಂತಮೂರ್ತಿಗೆ ಡಯಾಲಿಸಿಸ್ ಇದ್ದ ದಿನ ಶಿವರಂಜನಿ ಅರ್ಧ ದಿನ ರಜೆ ಹಾಕುತ್ತಿದ್ದಳು. ಅಗರದ ಹೈಸ್ಕೂಲಿನಲ್ಲಿ ಅವಳು ಇಂಗ್ಲಿಷ್ ಮೇಡಂ. ಬೆಳಗಿನ ಪಾಠ ಮುಗಿಸಿ, ಸಿಕ್ಕಿದ ಬಸ್ಸು ಹತ್ತಿ ಕೊಳ್ಳೇಗಾಲದ ಆಸ್ಪತ್ರೆಗೆ ಬರುವಷ್ಟರಲ್ಲಿ ಅವ್ವ ಅವನನ್ನು ಸತ್ತೇಗಾಲದಿಂದ ಕರೆತಂದು ಮಂಚದ ಮೇಲೆ ಮಲಗಿಸಿರುತ್ತಿದ್ದಳು. ಎಡಗೈಗೆ ಸೂಜಿ ಚುಚ್ಚಿ, ಮೆಷೀನು ರಕ್ತ ಎಳೆದುಕೊಳ್ಳಲು ಶುರುವಾಗಿರುತ್ತಿತ್ತು. ಅವ್ವ ಹೊರಗಿನ ಬೆಂಚಿನಲ್ಲಿ ಸೆರಗು ಹೊದ್ದು ಕೂರುತ್ತಿದ್ದಳು. ಒಳಗೆ ಅಕ್ಕ, ತಮ್ಮ.

ಅವಳ ಒಂದು ಕಿಡ್ನಿ ಅವನ ಹೊಟ್ಟೆಯಲ್ಲೇ ಇತ್ತು. ಹಾಕಿಸಿಕೊಂಡ ಮೊದಲ ವರ್ಷ ಎಲ್ಲ ಚೆನ್ನಾಗಿತ್ತು. ಹನೂರು ಬಸ್ ಸ್ಟ್ಯಾಂಡಿನಲ್ಲಿದ್ದ ತನ್ನ ಮೊಬೈಲ್ ರಿಪೇರಿ ಅಂಗಡಿಯ ಶಟರು ಮತ್ತೆ ಎತ್ತಿದ್ದ. ಬೇಸಿಗೆಯಲ್ಲಿ ಚೊಂಬುಗಟ್ಟಲೆ ನೀರು ಕುಡಿದು, "ಇದಕ್ಕಿಂತ ಸ್ವರ್ಗ ಇಲ್ಲ ಕಣಕ್ಕ" ಅಂದಿದ್ದ. ಆಮೇಲೆ ಆ ಕಿಡ್ನಿ ಮೈಗೆ ಒಗ್ಗದೆ ಹೋಯಿತು. ಈಗ ಅಂಗಡಿ ಮುಚ್ಚಿತ್ತು. ನೀರು ಗುಟುಕಿನ ಲೆಕ್ಕಕ್ಕೆ ಬಂದಿತ್ತು.

ಅವತ್ತು ಅವಳು ಸ್ಟೂಲು ಎಳೆದುಕೊಂಡು ಕೂರುವ ಮೊದಲೇ ಅವನು ಫೋನು ತೋರಿಸಿದ.

"ಸಿಕ್ಬುಡ್ತು ಕಣಕ್ಕ!"

"ಏನ್ಲಾ ಸಿಕ್ತು?"

"ನಮ್ ಮಾದಣ್ಣ."

ಪುಟ್ಟ ಪರದೆಯಲ್ಲಿ, ನೀಲಿ ಹಿಮದ ಮೇಲೆ, ಒಂದು ಕೈ ಮುರಿದ ಯಂತ್ರವೊಂದು ಕಾಲೆಳೆದುಕೊಂಡು ಬರುತ್ತಿತ್ತು. ಶಿವರಂಜನಿಗೆ ನಗು ಉಕ್ಕಿ ಬಂತು. ಪಕ್ಕದ ಮಂಚದವರು ತಿರುಗಿ ನೋಡಿದರು.

ಅದು ಜಪಾನಿನ ಹಳೆಯ ಕಾರ್ಟೂನ್ ಸಿನಿಮಾ. ಅವಳು ಹೈಸ್ಕೂಲಿನಲ್ಲಿ, ಅವನು ಪ್ರೈಮರಿಯಲ್ಲಿ ಇದ್ದಾಗ ಅಪ್ಪ ಕೊಳ್ಳೇಗಾಲದ ಸೀಡಿ ಅಂಗಡಿಯಿಂದ ಯಾವುದೋ ಭಕ್ತಿ ಚಿತ್ರ ಅಂದುಕೊಂಡು ತಂದಿದ್ದರು. ಕವರು ಬದಲಾಗಿತ್ತು. ಜಪಾನಿ ಮಾತು, ಕೆಳಗೆ ಓಡುವ ಇಂಗ್ಲಿಷ್ ಅಕ್ಷರ. ಇಬ್ಬರಿಗೂ ಒಂದಕ್ಷರ ಅರ್ಥವಾಗಲಿಲ್ಲ. ಆದರೂ ಬಿಡಲಾಗಲಿಲ್ಲ. ಹೆಪ್ಪುಗಟ್ಟಿದ ಯಾವುದೋ ಗ್ರಹದಲ್ಲಿ ಒಬ್ಬಳೇ ಹುಡುಗಿ, ಅವಳನ್ನು ಸಾಕುವ ಮುದಿ ಯಂತ್ರ, ಗಾಜಿನ ಮನೆಯೊಳಗೆ ನಾಲ್ಕು ಸೊಪ್ಪಿನ ಗಿಡ. ಇಬ್ಬರೂ ದಿನಾ ಗುಡ್ಡ ಹತ್ತಿ ಆಕಾಶ ನೋಡುತ್ತಾರೆ. ಕುಂಟುವ ಯಂತ್ರಕ್ಕೆ ಇವರು ಪಕ್ಕದ ಮನೆಯ ಮಾದಣ್ಣನ ಹೆಸರಿಟ್ಟರು, ಮಾತನ್ನೂ ತಾವೇ ಕೊಟ್ಟರು. "ಬಾ ಮೊಗ, ಹಡಗು ಬತ್ತದೆ, ಸೊಪ್ಪಿನ ಸಾರು ಉಣ್ಣವ" ಎಂದು ಶಾಂತಮೂರ್ತಿ ಗೊಗ್ಗರು ದನಿಯಲ್ಲಿ ಹೇಳಿದರೆ ಅವ್ವ ಅಡುಗೆಮನೆಯಲ್ಲೇ ನಗುತ್ತಿದ್ದಳು.

ಸಿನಿಮಾ ಎರಡು ಸೀಡಿಯಲ್ಲಿತ್ತು. ಎರಡನೆಯದು ಗೀಚಿಹೋಗಿತ್ತು. ಹಾಕಿದರೆ ಪ್ಲೇಯರು ಕರಕರ ಎಂದು ನಿಂತುಬಿಡುತ್ತಿತ್ತು. ಹಾಗಾಗಿ ಕೊನೆಯನ್ನೂ ಅವರೇ ಕಟ್ಟಿದರು. ಗದ್ದೆಯ ಬದುವಿನ ಮೇಲೆ ನಡೆಯುತ್ತ ಒಂದೊಂದು ದಿನ ಒಂದೊಂದು ಕೊನೆ. ಎಲ್ಲದರಲ್ಲೂ ಆಕಾಶದಿಂದ ಹಡಗು ಬಂದು ಇಬ್ಬರನ್ನೂ ಕರೆದೊಯ್ಯುತ್ತಿತ್ತು.

"ಈಗ ಪೂರ್ತಿ ಅದೆ ಕಣಕ್ಕ. ಯಾರೋ ಪುಣ್ಯಾತ್ಮ ಹಾಕವ್ನೆ. ನೀನು ಓದಿ ಓದಿ ಯೋಳು, ನಾನು ನೋಡ್ತೀನಿ."

ಇಯರ್ ಫೋನಿನ ಒಂದೊಂದು ತುದಿ ಒಬ್ಬೊಬ್ಬರ ಕಿವಿಗೆ ಹಾಕಿಕೊಂಡರು. ಅವಳು ಓದುತ್ತ ಹೋದಳು. ಯಂತ್ರ ಸಾರಿನ ಮಾತೇ ಆಡಿರಲಿಲ್ಲ. ಹಿಮದ ದಪ್ಪ ಎಷ್ಟು, ಒಳಗಿನ ಬಿಸಿ ಎಷ್ಟು, ಬರೀ ಅದೇ ಹೇಳುತ್ತಿತ್ತು. ಶಾಂತಮೂರ್ತಿಗೆ ಭಾರಿ ಖುಷಿ. "ಥೂ, ಇವ್ನು ಮಾದಣ್ಣ ಅಲ್ಲ ಕಣಕ್ಕ, ಕೆಇಬಿ ಲೈನ್‌ಮನ್ನು!" ಅಂದ. ನರ್ಸ್ ಪ್ರೇಮಾ ಬಂದು, ನಗಬೇಡಿ, ಬಿಪಿ ಏರುತ್ತೆ ಎಂದು ಗದರಿಹೋದಳು. ಬಹಳ ದಿನಗಳ ಮೇಲೆ ತಮ್ಮ ನಕ್ಕಿದ್ದ. ಮೊದಲರ್ಧ ಮುಗಿಯುವ ಹೊತ್ತಿಗೆ ಅವನಿಗೆ ಕಾಲು ಸೆಳೆಯತೊಡಗಿತು. ಮಿಕ್ಕಿದ್ದು ಮುಂದಿನ ಸಲಕ್ಕೆ ಎಂದುಕೊಂಡರು.

ಮುಂದಿನ ಸಲ ಅವನೇ ತಯಾರಾಗಿ ಕಾಯುತ್ತಿದ್ದ.

ಎರಡನೇ ಭಾಗದಲ್ಲಿ ಗಾಜಿನ ಮನೆ ಒಡೆಯಿತು. ಗಿಡಗಳು ಕರ್ರಗಾದವು. ಹುಡುಗಿ ದೊಡ್ಡವಳಾಗಿದ್ದಳು, ಕೆಮ್ಮುತ್ತಿದ್ದಳು. ಒಂದು ಸಂಜೆ ಗುಡ್ಡದ ಮೇಲೆ ಅವಳು ಏನೋ ಕೇಳಿದಳು. ಯಂತ್ರ ಮಾತಾಡಿತು. ಕೆಳಗೆ ಅಕ್ಷರಗಳು ಬಂದವು: ಯಾವ ಹಡಗೂ ಬರುವುದಿಲ್ಲ. ನೀನು ಹುಟ್ಟುವ ಮೊದಲಿಂದಲೂ ನನಗೆ ಗೊತ್ತಿತ್ತು. ಬರುತ್ತದೆ ಅಂದರೆ ನೀನು ಊಟ ಮಾಡುತ್ತಿದ್ದೆ, ಅದಕ್ಕೇ ಹೇಳುತ್ತಿದ್ದೆ.

ಶಿವರಂಜನಿ ಓದುವುದನ್ನು ನಿಲ್ಲಿಸಿದಳು.

"ಏನಂತೆ?"

"ಅದೇ... ಹಡಗು ವಸಿ ತಡ ಆಯ್ತದಂತೆ. ಕಾಯಬೇಕಂತೆ."

ಅವನು ಸಿನಿಮಾ ಸ್ವಲ್ಪ ಹಿಂದಕ್ಕೆ ಎಳೆದು ನಿಲ್ಲಿಸಿದ. ಸೂಜಿಯಿಲ್ಲದ ಕೈಯ ಬೆರಳನ್ನು ಪರದೆಯ ಮೇಲಿಟ್ಟ.

"ನೋ ಅನ್ನದು ನಂಗೂ ಗೊತ್ತು ಕಣಕ್ಕ. ನೋ ಸಿಮ್ಮು, ನೋ ನೆಟ್‌ವರ್ಕು, ದಿನಾ ನೋಡ್ದವನು ನಾನು. ಇಲ್ಲಿ ನೋ ಶಿಪ್ ಅಂತ ಅದೆ."

ಅವನು ಅವಳ ಮುಖವನ್ನೇ ನೋಡುತ್ತಿದ್ದ. ಮೆಷೀನಿನ ಚಕ್ರ ತಿರುಗುತ್ತಲೇ ಇತ್ತು.

"ಮೈಸೂರು ಡಾಕ್ಟ್ರು ಯೋಳಿದ್ದೂ ಇಂಗೇನಾ?"

ಕಿಡ್ನಿ ಒಗ್ಗದೆ ಹೋದಾಗ ತೋರಿಸಿದ್ದ ಆ ಡಾಕ್ಟರು ಕೇರಳದವರು, ಕನ್ನಡ ಅಷ್ಟಕ್ಕಷ್ಟೆ. ಅವಳೊಬ್ಬಳನ್ನೇ ಒಳಗೆ ಕೂರಿಸಿಕೊಂಡು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದ್ದರು. ಇನ್ನು ಯಾರ ಕಿಡ್ನಿಯನ್ನೂ ಇವನ ಮೈ ಒಪ್ಪುವುದಿಲ್ಲ. ಹೃದಯವೂ ಸೋತಿದೆ. ಮೆಷೀನು ಎಷ್ಟು ದಿನ ನಡೆಸುತ್ತದೋ ಅಷ್ಟೆ. ಅವಳು ಹೊರಗೆ ಬಂದು, "ಮೈ ಸುಧಾರಿಸಲಿ, ಆಮೇಲೆ ಇನ್ನೊಂದ್ ಕಿಡ್ನಿ ಹಾಕಾಣ ಅಂದ್ರು" ಎಂದಿದ್ದಳು. ಅವತ್ತು ರಾತ್ರಿ ಅವನು ಎರಡು ಮುದ್ದೆ ಉಂಡಿದ್ದ.

"ಯೋಳಕ್ಕ."

"ಹೂಂ ಕಣೋ" ಎಂದಳು.

ಅವನು ಬಯ್ಯಲಿಲ್ಲ, ಅಳಲಿಲ್ಲ. ಸಿನಿಮಾ ಮತ್ತೆ ಹಿಂದಕ್ಕೆ ಎಳೆದು, "ಈಗ ನಿಜ ಓದು" ಅಂದ. ಅವಳು ಓದಿದಳು. ಕೊನೆಯಲ್ಲಿ ಹುಡುಗಿ ಹಿಮದ ಮೇಲೆ ಮಲಗಿದಳು, ಯಂತ್ರ ಪಕ್ಕದಲ್ಲಿ ಕೂತಿತು, ಅದರ ಎದೆಯ ದೀಪ ಆರಿತು. ಹಿಮ ಬೀಳುತ್ತಲೇ ಇರುವಾಗ ಹೆಸರುಗಳು ಬರತೊಡಗಿದವು.

"ನಾವು ಕಟ್ಟಿದ್ದೇ ಚೆಂದಾಗಿತ್ತು" ಎಂದು ಶಾಂತಮೂರ್ತಿ ಗೋಡೆ ಕಡೆ ತಿರುಗಿದ.

ಮುಂದಿನ ಸಲ ಅವನು ಬರಲಿಲ್ಲ. ಅದರ ಮುಂದಿನ ಸಲವೂ ಬರಲಿಲ್ಲ. ಶಿವರಂಜನಿ ಸತ್ತೇಗಾಲಕ್ಕೆ ಓಡಿದಳು. ಹಜಾರದ ಮಂಚದಲ್ಲಿ ಶಾಂತಮೂರ್ತಿ ನೀರು ತುಂಬಿ ಮುಖ ಊದಿಕೊಂಡು ಮಲಗಿದ್ದ. ಅವ್ವ ಶಿವರತ್ನಮ್ಮ ಅವನ ಕಾಲು ಹಿಡಿದು ಕೂತಿದ್ದಳು.

"ಬರಲ್ಲ ಕಣಕ್ಕ. ಬಂದು ಏನ್ ಮಾಡದು? ನೀನಾರ ನೆಮ್ಮದಿಯಾಗಿ ಪಾಠ ಮಾಡೋಗು."

ಬೇಡಿದಳು, ಬಯ್ದಳು, "ನನ್ ಕಿಡ್ನಿ ತಗಂಡು ಇಂಗ್ ಮಾಡ್ತೀಯೇನ್ಲಾ" ಎಂದೂ ಅಂದುಬಿಟ್ಟಳು. ಅಂದ ಮೇಲೆ ಹಿತ್ತಲಿಗೆ ಹೋಗಿ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಅವನು ಅಲ್ಲಾಡಲಿಲ್ಲ.

ರಾತ್ರಿ ಅವಳು ಅಲ್ಲೇ ಉಳಿದಳು. ಬೆಳಗಿನ ಜಾವ ಅವನ ಎದೆಯಲ್ಲಿ ನೀರು ತುಂಬಿತು. ಎದ್ದು ಕೂತು, ಬಾಯಿ ಬಿಟ್ಟು, ಅವ್ವನ ಸೀರೆ ಹಿಡಿದು ಎಳೆದ. "ಉಸ್ರು ಬತ್ತಿಲ್ಲ ಕಣವ್ವ... ಕರ್ಕಂಡೋಗು, ಬಿರ್ರನೆ ಕರ್ಕಂಡೋಗು." ಅದೇ ಊರಿನ ಪುಟ್ಟಮಾದಯ್ಯನ ಆಟೋದಲ್ಲಿ ಮೂವರೂ ಕೊಳ್ಳೇಗಾಲಕ್ಕೆ ಬಂದರು. ದಾರಿಯುದ್ದಕ್ಕೂ ಅವನು ಅಕ್ಕನ ಮಣಿಕಟ್ಟು ಬಿಡಲಿಲ್ಲ.

ಮಧ್ಯಾಹ್ನ ಮೆಷೀನು ನೀರೆಳೆದ ಮೇಲೆ ಕಣ್ಣು ಬಿಟ್ಟ.

"ಸಾಯಕ್ಕೂ ಆಯ್ತಿಲ್ಲ ಕಣಕ್ಕ" ಅಂದ. ಮುಖದಲ್ಲಿ ನಾಚಿಕೆಯಿತ್ತು.

ಅವಳು ಅವನ ಹಣೆ ಒರೆಸಿದಳು.

ಹೊರಗೆ ಬೆಂಚಿನಲ್ಲಿ ಅವ್ವ ಕೇಳಿದಳು, "ಏನಂತವ್ವ? ಇನ್ನೊಂದ್ ಕಿಡ್ನಿ ಯಾವಾಗ ಹಾಕ್ತಾರಂತೆ?"

ಶಿವರಂಜನಿ ಪಕ್ಕದಲ್ಲಿ ಕೂತು, ಅವಳ ಕೈ ಹಿಡಿದು, ಮೈಸೂರಿನಲ್ಲಿ ಕೇಳಿದ್ದನ್ನೆಲ್ಲ ಹೇಳಿದಳು. ಶಿವರತ್ನಮ್ಮ ಕೊನೆಯವರೆಗೂ ಕೇಳಿಸಿಕೊಂಡು ತಲೆಯಾಡಿಸಿದಳು.

"ಇಲ್ಲ ಕಣ ಮಗ. ನಿಂಗೆ ಸರ್ಯಾಗಿ ತಿಳ್ದಿಲ್ಲ. ಇಲ್ಲಿ ಡಾಕ್ಟ್ರು ಬಂದವ್ರೆ, ಕೇಳೋಗು."

ಕೇಳುವುದೇನೂ ಉಳಿದಿರಲಿಲ್ಲ. ಆದರೆ ಅವ್ವ ನೋಡುತ್ತಿದ್ದಳು. ಶಿವರಂಜನಿ ಎದ್ದು ಹೋಗಿ, ಡಾಕ್ಟರ ಬಾಗಿಲ ಮುಂದಿನ ಸಾಲಿನಲ್ಲಿ ನಿಂತಳು.