ಎಡಗಡೆಯ ಎರಡನೇ ಹಲ್ಲು

ಹಲ್ಲು ಕಟ್ಟಿಸಿಕೊಂಡವರ ಬಾಯಿಂದ ಮೇಣದಣ್ಣ ಮೊದಲು ಹೊರಡಿಸುತ್ತಿದ್ದ ಮಾತು ‘ಸೊಸೆ’. ಹೊಸ ಸೆಟ್ಟು ಕೂದಲೆಳೆಯಷ್ಟು ಮುಂದೆ ಬಂದಿದ್ದರೂ ‘ಸ’ ಅನ್ನುವಾಗ ಗಾಳಿ ಸೋರಿ ಸಿಳ್ಳೆ ಬೀಳುತ್ತದೆ. ಹಿಂದೆ ಸರಿದಿದ್ದರೆ ನಾಲಿಗೆ ತೊಡರುತ್ತದೆ. ‘ಸಾಸಿವೆ’ ಎಂದರೂ ನಡೆಯುತ್ತಿತ್ತು, ‘ಸೀಸೆ’ ಎಂದರೂ ನಡೆಯುತ್ತಿತ್ತು. ಆದರೆ ಸೊಸೆ ಅಂದರೆ ಅತ್ತೆಯಂದಿರು ಹೆಚ್ಚು ಮನಸ್ಸಿಟ್ಟು ಹೇಳುತ್ತಾರೆ ಎಂಬುದು ಅವನ ಅನುಭವ. “ಸಿಳ್ಳೆ ಬರ್ತಿದೆ, ಇನ್ನೊಂದು ಸಲ ಪ್ರೀತಿಯಿಂದ ಹೇಳಿ ನೋಡೋಣ,” ಎನ್ನುವನು. ಪ್ರೀತಿಯಿಂದ ಹೇಳಿದರೂ ಸಿಳ್ಳೆ ಬಂದರೆ, ತಪ್ಪು ಹಲ್ಲಿನದೇ ಎಂದು ಒಪ್ಪಿಕೊಂಡು ಹಿಂದಿನ ಕೋಣೆಗೆ ಹೋಗುವನು.

ದಂತವೈದ್ಯರ ಕ್ಲಿನಿಕ್ಕಿನ ಆ ಹಿಂದಿನ ಕೋಣೆಯಲ್ಲಿ ಮೂವತ್ತು ವರ್ಷದಿಂದ ಅವನ ಕೆಲಸ. ಬೆರಳ ಸಂದಿಯಲ್ಲಿ ಸದಾ ಗುಲಾಬಿ ಬಣ್ಣದ ಮೇಣ ಅಂಟಿಕೊಂಡಿರುತ್ತಿದ್ದರಿಂದ ಆ ಹೆಸರು ಬಂತು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿಯಿತು. ಮೇಣದ ವಸಡಿನ ಮೇಲೆ ಒಂದೊಂದೇ ಹಲ್ಲನ್ನು ಜೋಡಿಸಿ, ಎಲ್ಲ ಮುಗಿದ ಮೇಲೆ ಕಣ್ಣು ಕಿರಿದು ಮಾಡಿ ನೋಡಿ, ಹೆಬ್ಬೆರಳಿಂದ ಕೊನೆಯದಾಗಿ ಒಂದು ಸಣ್ಣ ಒತ್ತು ಕೊಡುತ್ತಿದ್ದ. “ಈಗ ಜೀವ ಬಂತು,” ಎನ್ನುತ್ತಿದ್ದ. ಆ ಒತ್ತು ಏನು ಮಾಡುತ್ತಿತ್ತೋ ಅವನಿಗೂ ಗೊತ್ತಿರಲಿಲ್ಲ. ಆದರೆ ಮೇಣದಣ್ಣನ ಹಲ್ಲು ಹಾಕಿಕೊಂಡವರನ್ನು ನೋಡಿದರೆ ಕಟ್ಟಿಸಿದ ಹಲ್ಲು ಅಂತ ಅವರ ಹೆತ್ತ ತಾಯಿಗೂ ತಿಳಿಯದು ಎಂದು ಹಳೆಯ ಡಾಕ್ಟರು ಬದುಕಿರುವ ತನಕ ಹೇಳುತ್ತಿದ್ದರು.

ಈಗ ಅವರ ಮಗಳು ಡಾಕ್ಟರು. ಇದೇ ಕೋಣೆಯ ಪ್ಲಾಸ್ಟರ್ ಚೀಲದ ಮೇಲೆ ಕೂತು ಮಗ್ಗಿ ಬಾಯಿಪಾಠ ಮಾಡಿದ ಹುಡುಗಿ. ನಾಲ್ಕು ವರ್ಷದ ಹಿಂದೆ ಅವಳು ಬಾಯೊಳಗಿನ ಚಿತ್ರ ತೆಗೆಯುವ ಸ್ಕ್ಯಾನರ್ ತಂದಳು, ಕಳೆದ ತಿಂಗಳು ಹಲ್ಲು ಮುದ್ರಿಸುವ ಮೆಷಿನ್ ತಂದಳು. ಮೇಣದಣ್ಣನಿಗೆ ಇವುಗಳನ್ನು ಕಂಡರೆ ಆಗುತ್ತಿರಲಿಲ್ಲ ಎಂದು ಬರೆದರೆ ಕಥೆಗೆ ಒಗ್ಗರಣೆ ಹಾಕಿದ ಹಾಗೆ ಆಗುತ್ತಿತ್ತು, ಆದರೆ ಅದು ಸುಳ್ಳು. ಸ್ಕ್ಯಾನರ್ ಅವನಿಗೆ ಬಲು ಇಷ್ಟ. ಮೊದಲು ಅಳತೆಗೆಂದು ಬಾಯಿತುಂಬ ಮೆತ್ತನೆಯ ಹಿಟ್ಟು ತುರುಕಬೇಕಿತ್ತು. ಅದು ಗಟ್ಟಿಯಾಗುವುದರೊಳಗೆ ಎಷ್ಟೋ ಜನ ಅವನ ಅಂಗಿಯ ಮೇಲೆ ವಾಂತಿ ಮಾಡಿದ್ದರು. ಈಗ ದಪ್ಪ ಪೆನ್ನಿನಂಥದ್ದನ್ನು ಬಾಯಲ್ಲಿ ಎರಡು ಸುತ್ತು ಆಡಿಸಿದರೆ ಮುಗಿಯಿತು. ಇದನ್ನು ಕಂಡುಹಿಡಿದವನ ಹೊಟ್ಟೆ ತಣ್ಣಗಿರಲಿ ಎಂದು ಅವನು ಹರಸಿದ್ದ.

ಅವನ ಚಿಂತೆ ಮೆಷಿನ್ನಿನದಲ್ಲ, ಕೈಯದು. ಒಂದು ವರ್ಷದಿಂದ ಬಲಗೈ ನಡುಗುತ್ತಿತ್ತು. ಚಹಾದ ಲೋಟಕ್ಕೆ ನಡುಗಿದರೆ ತಡೆದುಕೊಳ್ಳಬಹುದು. ಅಕ್ಕಿಕಾಳಿನಷ್ಟು ಸಂದಿಯಲ್ಲಿ ಹಲ್ಲು ಕೂರಿಸುವವನಿಗೆ ನಡುಗಿದರೆ ಆಟ ಮುಗಿದ ಹಾಗೆ. ಅವನು ಹಲ್ಲು ಕಚ್ಚಿ ಸಹಿಸಿ, ಯಾರಿಗೂ ಹೇಳಿರಲಿಲ್ಲ. ಡಾಕ್ಟರಮ್ಮನೂ ನೋಡಿಯೂ ನೋಡದ ಹಾಗೆ ಇದ್ದು, ಒಂದು ದಿನ ತಾನಾಗಿಯೇ ಮಾತು ತೆಗೆದಳು.

“ಮಾಮ, ನಿಮ್ಮ ಕೈಯನ್ನ ಇದಕ್ಕೆ ಕಲಿಸಿಬಿಡೋಣ. ನಿಮ್ಮ ಕಪಾಟಲ್ಲಿರೋ ಅಚ್ಚುಗಳಲ್ಲಿ ಒಳ್ಳೇದು ನಲವತ್ತು ಆರಿಸಿಕೊಡಿ. ಎಲ್ಲಾ ಸ್ಕ್ಯಾನ್ ಮಾಡಿದ್ರೆ, ನಿಮ್ಮ ಜೋಡಣೆ ಹೇಗೆ ಅಂತ ಕಂಪ್ಯೂಟರ್ ತಿಳ್ಕೊಳ್ಳುತ್ತೆ. ಮುಂದೆ ಯಾರ ಬಾಯಿಗಾದ್ರೂ ಅದೇ ಲೆಕ್ಕದಲ್ಲಿ ಹಲ್ಲು ಬರುತ್ತೆ.”

“ನಾನು ಹೋದ್ಮೇಲೂ?”

“ನೀವು ಎಲ್ಲಿಗೆ ಹೋಗ್ತೀರಿ? ಇಲ್ಲೇ ಕೂತು ಅದರ ತಪ್ಪು ಹುಡುಕ್ತಾ ಇರಿ.”

ತಾನು ಮಾಡಿದ ಪ್ರತಿ ಒಳ್ಳೆಯ ಸೆಟ್ಟಿನ ಪ್ಲಾಸ್ಟರ್ ನಕಲನ್ನು ಅವನು ಎತ್ತಿಡುತ್ತಿದ್ದ, ತಳದಲ್ಲಿ ಪೆನ್ಸಿಲಿನಿಂದ ತಾರೀಖು ಬರೆದು. ಎರಡು ದಿನ ಕೂತು ನಲವತ್ತು ಆರಿಸಿದ. ಹೆಣ್ಣು ತೋರಿಸುವವರ ಹಾಗೆ ಒಂದೊಂದನ್ನೂ ಒರೆಸಿ ಕೊಟ್ಟ. ಕಂಪ್ಯೂಟರಿಗೆ ಡಾಕ್ಟರಮ್ಮ ನಮ್ಮ ಭಾಷೆಯನ್ನೇ ಕಲಿಸಿದ್ದಳು. ಒಂದು ಸ್ಕ್ಯಾನ್ ಮುಗಿದೊಡನೆ ಅದು ಟಿಣ್ ಎಂದು ಸದ್ದು ಮಾಡಿ ‘ಮಾದರಿ ಏಳು: ಸಿದ್ಧ’, ‘ಮಾದರಿ ಎಂಟು: ಸಿದ್ಧ’ ಎಂದು ತೋರಿಸುತ್ತಿತ್ತು. ಮೇಣದಣ್ಣ ಪ್ರತಿ ಸಲವೂ ತಲೆಯಾಡಿಸುತ್ತಿದ್ದ.

ನಲವತ್ತೂ ಮುಗಿದ ಮೇಲೆ ಪರದೆಯ ಮೇಲೆ ಎಲ್ಲದರ ಸರಾಸರಿಯಾಗಿ ಮೇಲಿನ ಒಂದೇ ಒಂದು ಸಾಲು ಹಲ್ಲು ಮೂಡಿತು. ಹದಿಮೂರು ಬಿಳಿ, ಒಂದು ಕೆಂಪು.

“ಏನಿದು, ವಸಡಿನ ಬಣ್ಣ ಹಲ್ಲಿಗೆ ಹಚ್ಚಿದೆಯಾ?” ಎಂದ ಅವನು.

ಡಾಕ್ಟರಮ್ಮ ಆ ಕೆಂಪಿನ ಮೇಲೆ ಬೆರಳಿಟ್ಟಳು. “ಎಡಗಡೆ ಎರಡನೇ ಹಲ್ಲು, ಮಾಮ. ಏಳು ಡಿಗ್ರಿ ಒಳಕ್ಕೆ ತಿರುಗಿದೆಯಂತೆ. ಅದು ತಪ್ಪು ಅಂತ ತೋರಿಸ್ತಿದೆ.”

“ಯಾರದ್ರಲ್ಲಿ?”

“ಎಲ್ಲರದ್ರಲ್ಲೂ. ನಲವತ್ತರಲ್ಲಿ ಮೂವತ್ತೊಂಬತ್ತರಲ್ಲಿ.”

ಅವನು ನಂಬಲಿಲ್ಲ. ಅಚ್ಚುಗಳನ್ನು ಒಂದೊಂದಾಗಿ ಎತ್ತಿ, ಕಣ್ಣು ಮುಚ್ಚಿ, ಹೆಬ್ಬೆರಳಿಂದ ತಡವಿದ. ಇತ್ತು. ಅದರಲ್ಲೂ ಇತ್ತು, ಇದರಲ್ಲೂ ಇತ್ತು. ಕೊನೆಯ ಒತ್ತು ಬೀಳುತ್ತಿದ್ದದ್ದು ಅಲ್ಲೇ. ಎತ್ತಿದ ಕೈ ಎಂದು ಹೆಸರಾದ ಕೈ ಮೂವತ್ತು ವರ್ಷ ಒಂದೇ ತಪ್ಪನ್ನು ಬಿಡದೆ ಮಾಡಿತ್ತು, ಯಜಮಾನನಿಗೆ ಸುಳಿವೂ ಕೊಡದೆ. ಅವನು ಇಂಗು ತಿಂದ ಮಂಗನ ಹಾಗೆ ನಿಂತ. ಅಂಚೆ ಕಚೇರಿಯ ಗುಮಾಸ್ತೆ, ಔಷಧಿ ಅಂಗಡಿಯ ಅಜ್ಜಿ, ಪ್ರತಿದಿನ ಎದುರು ಸಿಕ್ಕಿ ಬಾಯಿತುಂಬ ನಗುವ ಎಷ್ಟು ಜನ! ಊರ ಬಾಯಿ ಮುಚ್ಚಿಸಲಾಗದು ಎನ್ನುತ್ತಾರೆ. ಈ ಊರಿನ ಬಾಯಿ ತೆರೆದರೆ ಅಲ್ಲಿ ತನ್ನದೇ ತಪ್ಪು.

ಪರದೆಯ ಕೆಳಗೆ ಎರಡು ಗುಂಡಿಗಳಿದ್ದವು: ‘ಸರಿಪಡಿಸು’, ‘ಹಾಗೇ ಇರಲಿ’.

“ತಿದ್ದು,” ಎಂದ. “ತಪ್ಪು ತಪ್ಪೇ.”

“ಅವಸರ ಬೇಡ ಮಾಮ. ಒಂದು ಸಲ ಉಳಿಸಿಟ್ರೆ ಮುಂದೆ ಬರೋರಿಗೆಲ್ಲ ಇದೇ ಆಧಾರ. ನಾಳೆ ಶಾಲೆಯ ಡ್ರಿಲ್ ಮಾಸ್ತರಿಗೆ ಮೊದಲ ಸೆಟ್ಟು ಮುದ್ರಿಸಬೇಕು. ಬೆಳಗ್ಗೆ ಹೇಳಿ.”

ತಪ್ಪಿಲ್ಲದ ಆ ನಲವತ್ತನೆಯ ಅಚ್ಚನ್ನು ಜೇಬಿಗೆ ಹಾಕಿಕೊಂಡು ಅವನು ಮನೆಗೆ ನಡೆದ. ಒಂದಾದರೂ ಸರಿ ಮಾಡಿದ್ದೆನಲ್ಲ ಎಂಬ ಸಮಾಧಾನಕ್ಕೆ. ಅಡುಗೆಮನೆಯ ಮೇಜಿನ ಮೇಲಿಟ್ಟು ತಿರುಗಿಸಿ ತಾರೀಖು ನೋಡಿದ. ಎಲ್ಲಕ್ಕಿಂತ ಹಳೆಯದು. ಅವನ ಮದುವೆಗೆ ಒಂದು ವರ್ಷ ಮೊದಲಿನದು.

ಅಷ್ಟರಲ್ಲಿ ಅವನ ಮಗಳು ಬಂದಳು. ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್. ಬಂದವಳೇ ಮೊಣಕೈ ತನಕ ಸೋಪು ಹಚ್ಚಿ ಗ್ರೀಸ್ ತೊಳೆಯುವುದು ಅವಳ ದಿನಚರಿ. ತೊಳೆಯುತ್ತಲೇ ಅಪ್ಪನ ಮುಖ ನೋಡಿ ಏನಾಯಿತೆಂದು ಕೇಳಿದಳು. ಅವನು ಎಲ್ಲವನ್ನೂ ಹೇಳಿದ. ಹೇಳಿ ಮುಗಿಸಿ, “ಮದುವೆ ಆದ್ಮೇಲೆ ಕೈ ಕೆಟ್ಟಿದೆ ನೋಡು,” ಎಂದು ನಗಲು ನೋಡಿದ.

ಮಗಳು ನಲ್ಲಿ ನಿಲ್ಲಿಸಿದಳು. “ಅಪ್ಪಾ, ಎಡಗಡೆ ಎರಡನೇದು ಅಂದ್ರಾ?”

“ಹೂಂ.”

“ಅದು ಅಮ್ಮನ ಹಲ್ಲಲ್ವಾ?”

ಅವನು ಗೋಡೆಯ ಕಡೆ ನೋಡಿದ. ಹೆಂಡತಿ ತೀರಿಕೊಂಡು ಐದು ವರ್ಷ. ಗೋಡೆಯ ಮೇಲೆ ಅವಳ ಮೂರು ಫೋಟೋಗಳಿದ್ದವು, ಮೂರರಲ್ಲೂ ಬಾಯಿ ಬಿಗಿಯಾಗಿ ಮುಚ್ಚಿತ್ತು. ಒಂದರಲ್ಲಂತೂ ನಗು ತಡೆಯಲಾರದೆ ಕೈ ಅಡ್ಡ ಹಿಡಿದಿದ್ದಳು. ಅವಳ ನಗು ನೆನಪಿಗೆ ತಂದುಕೊಳ್ಳಲು ಹೋದರೆ ಅವನಿಗೆ ಬರೀ ಆ ಕೈಯೇ ಬಂತು.

“ನನಗೂ ಹಾಗೇ ಇತ್ತಲ್ಲಪ್ಪ, ಅಮ್ಮನದೇ ಅಚ್ಚು. ಮೂರು ವರ್ಷದ ಹಿಂದೆ ಸರಿ ಮಾಡಿಸ್ಕೋ ಸರಿ ಮಾಡಿಸ್ಕೋ ಅಂತ ನೀವೇ ಬೆನ್ನು ಹತ್ತಿದ್ರಿ. ಹಗಲೂ ರಾತ್ರಿ ಹಲ್ಲಿಗೆ ಆ ಪಾರದರ್ಶಕ ಕವಚ ಹಾಕ್ಕೊಂಡು ಒಂದೂವರೆ ವರ್ಷ ಕಳೆದೆ.”

“ಇವಳು,” ಎಂದ ಅವನು ಫೋಟೋ ತೋರಿಸಿ, “ಯಾಕೆ ಯಾವಾಗ್ಲೂ ಬಾಯಿಗೆ ಕೈ ಇಟ್ಕೊಳ್ತಿದ್ಲು? ನಾಚಿಕೆ ಸ್ವಭಾವ ಅಂದ್ಕೊಂಡಿದ್ದೆ.”

ಮಗಳು ಒದ್ದೆ ಕೈ ಒರೆಸಿಕೊಂಡು ಎದುರು ಕೂತಳು. ಹೇಳಲೋ ಬೇಡವೋ ಎಂದು ಮೇಜಿನ ಮೇಲಿನ ಅಚ್ಚನ್ನು ತಿರುಗಿಸಿದಳು. “ಮದುವೆ ಆದ ವಾರ ಅಮ್ಮ ಏನಕ್ಕೋ ಜೋರಾಗಿ ನಕ್ಕರಂತೆ. ನೀವು ಗದ್ದ ಹಿಡಿದು ಕಿಟಕಿ ಬೆಳಕಿಗೆ ತಿರುಗಿಸಿ, ಈ ಹಲ್ಲು ಸೊಟ್ಟ ಇದೆ, ಸರಿ ಮಾಡಬಹುದು ಅಂದ್ರಂತೆ. ನಿಮ್ಮಪ್ಪ ಹಲ್ಲು ನೋಡೋರು, ವಾರದಲ್ಲೇ ನನ್ನ ತಪ್ಪು ಕಂಡುಹಿಡಿದ್ರು ಅಂತ ಅಮ್ಮ ಹೇಳ್ತಿದ್ರು. ನಗ್ತಾನೇ ಹೇಳ್ತಿದ್ರು. ಕೈ ಅಡ್ಡ ಹಿಡ್ಕೊಂಡು.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಡಿದವನಿಗೆ ಆ ಮಾತು ನೆನಪೇ ಇರಲಿಲ್ಲ. ಹೊಸ ಕೆಲಸದ ಹುಮ್ಮಸ್ಸಿನಲ್ಲಿ ಆಗ ಅವನು ಕಂಡಕಂಡವರ ಬಾಯನ್ನೆಲ್ಲ ಅಳೆಯುತ್ತಿದ್ದ. ಕೇಳಿದವಳು ಅದನ್ನು ಇಪ್ಪತ್ಮೂರು ವರ್ಷ ಅಂಗೈಯಲ್ಲಿ ಹಿಡಿದುಕೊಂಡೇ ಬದುಕಿದಳು. ಕ್ಲಿನಿಕ್ಕಿನಲ್ಲಿ ಅವನಿಗೆ ಆಗಿದ್ದು ಅವಮಾನ. ಈಗ ಆಗಿದ್ದು ನಾಚಿಕೆ, ಅದರ ಕೆಳಗೆ ದುಃಖ. ಅವನು ಮಗಳ ಮುಂದೆಯೇ ಅತ್ತ.

“ಬಾಯಲ್ಲಿ ಸೊಟ್ಟ ಅಂದ್ರಿ,” ಎಂದಳು ಮಗಳು ಅಪ್ಪನಿಗೆ ನೀರು ಕೊಟ್ಟು, “ಕೈಗೆ ಮಾತ್ರ ಅದೇ ಚೆನ್ನಾಗಿ ಕಂಡಿದೆ. ಮೂವತ್ತೊಂಬತ್ತು ಸಲ.”

“ನೂರಾರು ಸಲ. ಮೂವತ್ತೊಂಬತ್ತು ನಾನು ಆರಿಸಿಕೊಟ್ಟಿದ್ದು.”

ಮರುದಿನ ಬೆಳಗ್ಗೆ ಅವನು ಡಾಕ್ಟರಮ್ಮನಿಗೆ ಒಂದೇ ಕೆಲಸ ಹೇಳಿದ. ಮಗಳ ಹಲ್ಲು ಸರಿಮಾಡುವ ಮೊದಲು ತೆಗೆದ ಸ್ಕ್ಯಾನ್ ಇದ್ದರೆ ಅದನ್ನು ಈ ಸಾಲಿನ ಮೇಲೆ ಇಟ್ಟು ನೋಡು ಎಂದ. ಕಂಪ್ಯೂಟರ್ ಏನನ್ನೂ ಮರೆಯುವುದಿಲ್ಲ, ಅದೊಂದು ಗುಣಕ್ಕೆ ಅದಕ್ಕೆ ಕೈಮುಗಿಯಬೇಕು. ಅವಳು ಹುಡುಕಿ ತಂದು, ಒಂದರ ಮೇಲೊಂದು ಕೂರಿಸಿದಳು. ಉಳಿದ ಹಲ್ಲುಗಳು ಅಲ್ಲಿ ಇಲ್ಲಿ ಹೊಂದಲಿಲ್ಲ, ಅವು ಮಗಳವು. ಎಡಗಡೆಯ ಎರಡನೆಯದು ಮಾತ್ರ ಅಂಗಿಗೆ ಗುಂಡಿ ಹಾಕಿದ ಹಾಗೆ ಸರಿಯಾಗಿ ಕೂತು, ಕೆಂಪು ಹೋಗಿ ಬಿಳಿಯಾಯಿತು.

ಡಾಕ್ಟರಮ್ಮ ಆ ಮನೆಯ ಊಟ ಉಂಡವಳು, ಆ ಬಾಯಿಯ ಮೇಲಿನ ಕೈಯನ್ನು ಕಂಡವಳು. ಅವಳಿಗೆ ವಿವರಿಸಬೇಕಾಗಲಿಲ್ಲ. “ಹಾಗೇ ಇರಲಿ ಅಂತ ಒತ್ತಲಾ?” ಎಂದಳು.

“ತಾಳು. ನನ್ನ ಹೆಂಡತಿ ನನಗೆ ಚಂದ. ಕಂಡವರ ಬಾಯಲ್ಲಿ ಅವರನ್ನ ಕೇಳದೆ ಇನ್ನು ಇಡಲ್ಲ.”

ಅಷ್ಟರಲ್ಲಿ ಡ್ರಿಲ್ ಮಾಸ್ತರು ಬಂದರು. ನಿವೃತ್ತರಾದರೂ ಮಕ್ಕಳ ಪಂದ್ಯಗಳಿಗೆ ಇವರೇ ತೀರ್ಪುಗಾರರು. ಸೀಟಿ ಕಚ್ಚಿ ಹಿಡಿಯಲು ಹಲ್ಲು ಬೇಕೆಂಬುದೇ ಅವರ ಅಹವಾಲು. ಡಾಕ್ಟರಮ್ಮ ಪರದೆಯ ಮೇಲೆ ಅವರ ಮುಖ ತಂದು, ಅದಕ್ಕೆ ಒಮ್ಮೆ ತಿದ್ದಿದ ಸಾಲನ್ನೂ ಒಮ್ಮೆ ತಿದ್ದದ ಸಾಲನ್ನೂ ತೊಡಿಸಿ ತೋರಿಸಿದಳು. ಯಾವುದು ಯಾವುದೆಂದು ಹೇಳಲಿಲ್ಲ. ಮೇಣದಣ್ಣ ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಬಾಗಿಲ ಬಳಿ ನಿಂತಿದ್ದ. ಮಾಸ್ತರು ಮೊದಲನೆಯದನ್ನು ಆರಿಸಿದರೆ ತನ್ನ ಕೈ ಇಲ್ಲಿಗೆ ಮುಗಿಯಿತು ಎಂದು ಅವನಿಗೆ ಗೊತ್ತಿತ್ತು. ಅವರು ಕನ್ನಡಕ ಏರಿಸಿ ಇಳಿಸಿ ಬಹಳ ಹೊತ್ತು ನೋಡಿದರು.

“ಇದ್ರಲ್ಲಿ ನಾನು ಹಲ್ಲು ಕಿರೀತಾ ಇದೀನಿ,” ಎಂದರು ಮೊದಲನೆಯದಕ್ಕೆ ಬೆರಳು ತೋರಿಸಿ, ಬೊಚ್ಚುಬಾಯಲ್ಲಿ. ಮತ್ತೆ ಎರಡನೆಯದರತ್ತ ತಿರುಗಿ, “ಇದ್ರಲ್ಲಿ ನಗ್ತಾ ಇದೀನಿ. ಇದೇ ಕೊಡಿ.”

ಮಾಸ್ತರನ್ನು ಹೊರಗೆ ಕೂರಿಸಿದ ಮೇಲೆ ಮೇಣದಣ್ಣ ತಾನೇ ಬಂದು ‘ಹಾಗೇ ಇರಲಿ’ ಒತ್ತಿದ. ಬೆರಳು ನಡುಗಿತು, ಆದರೂ ಸರಿಯಾದ ಗುಂಡಿಗೇ ಬಿತ್ತು. ಕಂಪ್ಯೂಟರ್ ಕೊನೆಯದಾಗಿ ಇನ್ನೊಂದು ಕೇಳಿತು: ಈ ಜೋಡಣೆಗೆ ಹೆಸರೇನು?

“ನಿಮ್ಮ ಹೆಸರೇ ಹಾಕ್ತೀನಿ,” ಎಂದಳು ಡಾಕ್ಟರಮ್ಮ.

“ನಂದು ಬೇಡ. ಅವಳದು.” ಹೇಳಹೊರಟು ಅವನು ನಿಂತ. ಹೆಂಡತಿಯ ಹೆಸರು ಅವನಿಗೆ ಗೊತ್ತಿತ್ತು, ಆದರೆ ಒಂದು ದಿನವೂ ಅವನು ಅವಳನ್ನು ಆ ಹೆಸರು ಹಿಡಿದು ಕರೆದವನಲ್ಲ. ಎಲ್ಲಿಗಾದರೂ ಹೊರಟಾಗ ತಾನು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತು “ಇವಳೇ, ಆಯ್ತಾ?” ಎಂದು ಕೂಗುವನು, ಒಳಗಿಂದ “ಬಂದೆ, ಬಂದೆ,” ಎಂದು ಕೇಳಿಸುವುದು, ಮತ್ತೆ ಹದಿನೈದು ನಿಮಿಷ ಯಾರೂ ಬರುವುದಿಲ್ಲ. ಅದೇ ಅವರ ಸಂಸಾರ. “‘ಇವಳೇ’ ಅಂತ ಹಾಕು,” ಎಂದ.

ಡಾಕ್ಟರಮ್ಮ ತಮಾಷೆ ಮಾಡಲಿಲ್ಲ. ಹಾಗೇ ಬರೆದಳು.

ಮೆಷಿನ್ ಮುಚ್ಚಳ ಹಾಕಿಕೊಂಡು ಕೆಲಸ ಶುರುಮಾಡಿತು. ತಾಸುಗಟ್ಟಲೆ ಹಿಡಿಯುವ ಕೆಲಸ. ಮೇಣದಣ್ಣ ಹಿಂದಿನ ಕೋಣೆಯಲ್ಲಿ ತನ್ನ ಸ್ಟೂಲಿನ ಮೇಲೆ ಕೂತು, ಮಾಡಲು ಏನೂ ಇಲ್ಲದೆ, ಬೆರಳ ಸಂದಿಯ ಮೇಣ ಕೆರೆಯುತ್ತಿದ್ದ. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಕಪಾಟಿನ ತನಕ ಬಂದಿತ್ತು. ಪಕ್ಕದ ಕೋಣೆಯಿಂದ ಟಿಣ್ ಎಂದು ಕೇಳಿಸಿತು. ಅವನು ಕತ್ತು ಚಾಚಿ ನೋಡಿದ. ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬಂದಿತ್ತು:

‘ಇವಳೇ: ಸಿದ್ಧ.’

“ಬಂದೆ, ಬಂದೆ,” ಎಂದು ಅವನು ಎದ್ದ.