ಹೆಸರಿಲ್ಲದ ಸಿಪಾಯಿ ಗೋರಿ

ನನ್ನ ಮೈದುನ ಮರಿಬಸಪ್ಪನ ಮೇಲೆ ನನಗೆ ಮೊದಲಿನಿಂದಲೂ ಅನುಮಾನ. ಕೊರಳಲ್ಲಿ ಲಿಂಗ ಕಟ್ಟಿದವನಿಗೆ ಬಿಳಿ ಸಿಪಾಯಿಗಳ ಗೋರಿಯಲ್ಲಿ ಏನು ಕೆಲಸ? ಆದವಾನಿ ಬೆಟ್ಟದ ಕೆಳಗೆ, ಕಂಪನಿ ಕಾಲದ ಕಾಳಗದಲ್ಲಿ ಬಿದ್ದವರನ್ನು ಹೂಳಿದ ಜಾಗವಂತೆ ಅದು. ಪ್ರತಿ ಅಮಾವಾಸ್ಯೆಗೂ ಇವನು ಅಲ್ಲಿಗೆ ಹೋಗಿ, ಮೂಲೆಯ ಹೆಸರಿಲ್ಲದ ಗೋರಿಗೆ ಬಿಲ್ವಪತ್ರೆ ಇಟ್ಟು ಬರುತ್ತಿದ್ದ.

ಕೇಳಿದರೆ, "ಅಣ್ಣನೂ ಸಿಪಾಯಿ ಅಲ್ಲೇನ್ರಿ ಅತ್ತಿಗಿ, ಅವನ ಹೆಸರಿಲೆ ಇಡ್ತೀನಿ" ಎನ್ನುತ್ತಿದ್ದ, ನನ್ನ ಮುಖ ನೋಡದೆ.

ಅವನ ಅಣ್ಣ ಎಂದರೆ ನನ್ನ ಗಂಡ. ಹೆಸರು ಹೇಳಬಾರದು, ಹೇಳುತ್ತೇನೆ: ಚಂದ್ರಣ್ಣ. ಬರ್ಮಾ ಯುದ್ಧಕ್ಕೆ ಹೋದವರು ಕಾಣೆಯಾಗಿದ್ದಾರೆಂದು ನಲವತ್ತಮೂರರಲ್ಲಿ ಕಾಗದ ಬಂತು. ಸತ್ತರೆಂದು ಯಾರೂ ಬರೆಯಲಿಲ್ಲ. ಹನ್ನೆರಡು ವರ್ಷ ನಾನು ಬಳೆ ತೆಗೆಯಲಿಲ್ಲ. ಕಾಣೆಯಾದವರು ತಿರುಗಿ ಬರಬಾರದೆಂದು ಯಾವ ಶಾಸ್ತ್ರ ಹೇಳುತ್ತದೆ?

ಈ ವರ್ಷ ರಸ್ತೆ ಅಗಲ ಮಾಡಲು ಮೂಲೆಯ ಗೋರಿಗಳನ್ನು ಅಗೆದು, ಎಲುಬುಗಳನ್ನೆಲ್ಲ ಒಂದೇ ಕುಣಿಗೆ ಹಾಕುತ್ತಾರೆಂದು ಸುದ್ದಿ ಬಂತು. ಅಂದಿನಿಂದ ಮರಿಬಸಪ್ಪನಿಗೆ ಊಟ ಸೇರದು. "ಆ ಒಂದು ಗೋರಿ ಬಿಟ್ಟಬಿಡು" ಎಂದು ಅಗೆಯುವ ಸುಂಕಣ್ಣನ ಬೆನ್ನು ಹತ್ತಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ! ಏನು ಹೂತಿದ್ದಾನೋ ನೋಡಿಯೇ ಬಿಡೋಣವೆಂದು ನಾನೂ ಹೋಗಿ ನಿಂತೆ.

ಉಳಿದ ಎಲುಬುಗಳೆಲ್ಲ ಉದ್ದಕ್ಕೆ ಮಲಗಿದ್ದವು. ಮೂಲೆಯ ಗೋರಿ ಅಗೆದ ಸುಂಕಣ್ಣ ಸಲಿಕೆ ಕೆಳಗಿಟ್ಟ.

"ಮಹಾಂತಮ್ಮಾ, ಈ ಸಿಪಾಯಿ ಕುಂತಾನ ನೋಡ್ರಿ."

ಕಾಲು ಮಡಚಿ ಕೂತ ಎಲುಬು. ಬಿಳಿಯರು ಹೆಣವನ್ನು ಕೂರಿಸಿ ಹೂಳುವುದಿಲ್ಲ, ನಾವು ಹೂಳುತ್ತೇವೆ. ಮಡಿಲ ಮಣ್ಣಿನಲ್ಲಿ ಬೆಳ್ಳಿಯ ಲಿಂಗದ ಕರಡಿಗೆ ಇತ್ತು. ಮದುವೆಗೆ ನನ್ನ ತವರಿನವರು ನನ್ನ ಗಂಡನಿಗೆ ಎಮ್ಮಿಗನೂರಿನಲ್ಲಿ ಮಾಡಿಸಿ ಕೊಟ್ಟದ್ದು. ಮುರಿದ ಕೊಂಡಿಗೆ ನಾನೇ ಸುತ್ತಿದ ತಾಮ್ರದ ತಂತಿ ಹಾಗೆಯೇ ಇತ್ತು.

ಮರಿಬಸಪ್ಪ ಗೋರಿಯ ಅಂಚಿಗೆ ಬಂದು ಕೂತ. "ಪಲ್ಟಣ ಬಿಟ್ಟು ಓಡಿ ಬಂದಿದ್ದ ಅತ್ತಿಗಿ. ಸಿಕ್ಕರ ಜೈಲು ಅಂತ ಇಲ್ಲೇ ಹಾಳು ಗುಡಿಸಲದಾಗ ಬಚ್ಚಿಟ್ಟಿದ್ದೆ. ಮೈ ತುಂಬ ಜ್ವರ. ಮೂರು ದಿನಕ್ಕ ಹೋದ. ನಮ್ಮೋರ ಸುಡುಗಾಡಿಗೆ ಒಯ್ದರ ಎಲ್ಲಾರಿಗೂ ತಿಳೀತಿತ್ತು. ಅದಕ್ಕ ರಾತ್ರಿ ಇಲ್ಲೇ ಹೂತು ಕಲ್ಲಿಟ್ಟೆ. ಆಮೇಲೆ ನಿಮಗ ಹೇಳಾಕ ಬಾಯಿ ಬರಲಿಲ್ಲ."

ಮೂರು ದಿನ! ನನ್ನ ಮನೆಯಿಂದ ಕೂಗಳತೆ ದೂರದಲ್ಲಿ!

"ಅವರು ನನ್ನ ಕೇಳಿದ್ರೇನು?"

ಅವನು ತಲೆ ಎತ್ತಲಿಲ್ಲ. "ದಿನಾ ಕೇಳಿದ. ನಾಳಿ ಕರಕೊಂಡು ಬರ್ತೀನಿ ಅಂತಿದ್ದೆ. ನೀವು ಬಂದು ಅತ್ತರ ಊರಿಗೆಲ್ಲಾ ಕೇಳತೈತಿ ಅಂತ ಕರೀಲಿಲ್ಲ."

ನಾನು ಎರಡೂ ಕೈಯ ಬಳೆಗಳನ್ನು ಆ ಗೋರಿಯ ಕಲ್ಲಿಗೆ ಒಡೆದೆ. ಆಮೇಲೆ ಊರಿಗೆಲ್ಲ ಕೇಳುವಂತೆ ಅತ್ತುಬಿಟ್ಟೆ.